ತಪ್ಪು ಕ್ಯಾಮೆರಾದ ಮೇಲೆ, ಕಾಟ ಕೃಷ್ಣಮೃಗಕ್ಕೆ

“ಹಕ್ಕಿ ಅಲ್ಲಾಡದೆ ಕೂತಿತ್ತು, ಬೆಳಕೂ ಚೆನ್ನಾಗಿತ್ತು. ಒಂದು ಫ್ರೇಮ್ ಶಾರ್ಪ್ ಬಂತು, ಮುಂದಿನ ನಾಲ್ಕು ಸಾಫ್ಟ್” ಎಂದು ಯಾರಾದರೂ ಬಾಯಿ ಬಿಟ್ಟರೆ ಸಾಕು, ಸುತ್ತಲಿದ್ದವರ ಉತ್ತರ ಸಿದ್ಧವಾಗಿರುತ್ತದೆ: “ಬಾಡಿ ಹಳೇದಾಯ್ತು, ಬದಲಾಯಿಸು.” ಅಂಗಡಿಯವರು ಹೇಳುವುದು ಇದನ್ನೇ. ಕಾರ್ಯಾಗಾರ ನಡೆಸುವವರು ಹೇಳುವುದೂ ಇದನ್ನೇ. ಭಾನುವಾರ ನಸುಕಿನಲ್ಲಿ ಬೆಂಗಳೂರು ಬಿಟ್ಟು ದೊಡ್ಡಬಳ್ಳಾಪುರ ದಾಟಿ ಬರುವ ಗುಂಪುಗಳು ತೊಂಡೇಬಾವಿಯಲ್ಲಿ ಟೀ ಕುಡಿಯುತ್ತಾ ಆಡುವ ಮಾತೂ ಇದೇ. ಯಾರೂ ಎದುರು ಮಾತಾಡುವುದಿಲ್ಲ. ಆಟೋಫೋಕಸ್ ತಪ್ಪಿದರೆ ತಪ್ಪು ಯಂತ್ರದ್ದು, ಪರಿಹಾರ ಹೊಸ ಯಂತ್ರ. ಇದು ಈಗ ವಾದವಾಗಿ ಉಳಿದಿಲ್ಲ, ನಂಬಿಕೆಯಾಗಿ ಕೂತುಬಿಟ್ಟಿದೆ.

ಈ ನಂಬಿಕೆ ಸುಳ್ಳು. ಯಾರಿಗೂ ತಾಗದ ಸುಳ್ಳಾಗಿದ್ದರೆ ಬಿಟ್ಟುಬಿಡಬಹುದಿತ್ತು. ಆದರೆ ಇದು ದುಡಿದು ತಿನ್ನುವ ಹುಡುಗರನ್ನು ಸಾಲಕ್ಕೆ ತಳ್ಳುತ್ತಿದೆ, ಕಲಿಯುವ ದಾರಿಯನ್ನೇ ಮುಚ್ಚುತ್ತಿದೆ. ಕೊನೆಗೆ ಅದರ ಪೆಟ್ಟು ಬೀಳುವುದು ಈ ವ್ಯವಹಾರದಲ್ಲಿ ಯಾವ ಪಾಲೂ ಇಲ್ಲದ ಕೃಷ್ಣಮೃಗಕ್ಕೆ, ಮರಿ ಕಾಯುತ್ತಾ ಕೂತ ಕೊಕ್ಕರೆಗೆ.

ಮೊದಲು ಒಂದು ಪ್ರಶ್ನೆ. ಬಾಡಿ ಬದಲಾಯಿಸು ಎನ್ನುವ ಈ ಹಿರಿಯರಲ್ಲಿ ಎಷ್ಟು ಮಂದಿ “ಎಲ್ಲಿ, ಆ ಚಿತ್ರ ತೋರಿಸು” ಎಂದು ಕೇಳಿದ್ದಾರೆ? ಸಾಫ್ಟ್ ಬಂದ ಚಿತ್ರದೊಳಗೇ ಅದು ಯಾಕೆ ಸಾಫ್ಟ್ ಬಂತೆಂಬ ಸಾಕ್ಷಿ ಇರುತ್ತದೆ. ಕಂಪ್ಯೂಟರಿನಲ್ಲಿ ನೂರಕ್ಕೆ ನೂರು ಅಳತೆಯಲ್ಲಿ ತೆರೆದು, ಹಕ್ಕಿಯನ್ನು ಬಿಟ್ಟು ಉಳಿದ ಜಾಗವನ್ನೆಲ್ಲ ನೋಡಬೇಕು. ಹಕ್ಕಿಯ ಮುಂದಿರುವ ಜಾಲಿಮುಳ್ಳು ಒಂದೊಂದಾಗಿ ಎಣಿಸುವಷ್ಟು ಸ್ಪಷ್ಟವಾಗಿದ್ದರೆ ಕ್ಯಾಮೆರಾ ತನ್ನ ಕೆಲಸ ಮಾಡಿದೆ, ಮುಳ್ಳಿನ ಮೇಲೆ ಮಾಡಿದೆ. ಚಿತ್ರದಲ್ಲಿ ಎಲ್ಲೂ ಏನೂ ಸ್ಪಷ್ಟವಿಲ್ಲದೆ, ಅಂಚುಗಳೆಲ್ಲ ಒಂದೇ ದಿಕ್ಕಿಗೆ ಎಳೆದಂತಿದ್ದರೆ ಕೈ ಅದುರಿದೆ. ಕೂತ ಕೊಂಬೆ ಸ್ಪಷ್ಟವಾಗಿದ್ದು ಕೊಕ್ಕು, ರೆಕ್ಕೆಯ ತುದಿ ಮಾತ್ರ ಕಲಸಿಹೋಗಿದ್ದರೆ ಅಲುಗಿದ್ದು ಹಕ್ಕಿ. ಶಟರ್ ವೇಗ ಸಾಲಲಿಲ್ಲ. ಅಂಚುಗಳು ಅಲೆಅಲೆಯಾಗಿ ನಡುಗಿದ್ದು, ಒಂದರ ಹಿಂದೊಂದು ತೆಗೆದ ಫ್ರೇಮುಗಳಲ್ಲಿ ಆ ನಡುಕ ಬೇರೆ ಬೇರೆ ರೂಪದಲ್ಲಿ ಕಂಡರೆ ಅದು ನೆಲದಿಂದೇಳುವ ಬಿಸಿಗಾಳಿ. ಈ ನಾಲ್ಕರಲ್ಲಿ ಫೋಕಸ್‌ಗೆ ನೇರವಾಗಿ ಸಂಬಂಧಪಟ್ಟದ್ದು ಮೊದಲನೆಯದೊಂದೇ. ಅಲ್ಲೂ ಯಂತ್ರ ಕೆಟ್ಟಿರಬೇಕೆಂದೇನಿಲ್ಲ. ಉಳಿದ ಮೂರಕ್ಕೆ ಹೊಸ ಬಾಡಿ ಏನು ಮಾಡೀತು? ಹೊಸ ಬಾಡಿ ಹಿಡಿದ ಕೈ ಅದುರುವುದಿಲ್ಲವೇ? ಮೂರ್ನಾಲ್ಕು ಲಕ್ಷ ಖರ್ಚು ಮಾಡಿಸುವ ಸಲಹೆ ಕೊಡುವ ಮುಂಚೆ ಎರಡು ನಿಮಿಷ ಚಿತ್ರ ನೋಡುವ ತಾಳ್ಮೆ ಇಲ್ಲದವರನ್ನು ನಾವು ಗುರುಗಳೆಂದು ಕರೆಯುತ್ತಿದ್ದೇವೆ.

ಇನ್ನು ಕ್ಯಾಮೆರಾ ಮುಳ್ಳಿನ ಮೇಲೆ ಯಾಕೆ ಫೋಕಸ್ ಮಾಡಿತು? ಆಟೋಫೋಕಸ್‌ಗೆ ಹಕ್ಕಿ ಬೇಕೋ ಮುಳ್ಳು ಬೇಕೋ ಎಂಬ ಹಟವಿಲ್ಲ. ಲೆನ್ಸಿನ ಎರಡು ಅಂಚುಗಳಿಂದ ಬಂದ ಬೆಳಕನ್ನು ಹೋಲಿಸಿ, ಎರಡೂ ಚಿತ್ರ ಎಷ್ಟು ಸರಿದಿವೆ, ಯಾವ ಕಡೆಗೆ ಸರಿದಿವೆ ಎಂದು ಲೆಕ್ಕ ಹಾಕಿ ಲೆನ್ಸನ್ನು ಅಷ್ಟು ತಿರುಗಿಸುತ್ತದೆ. ಫೇಸ್ (phase) ಡಿಟೆಕ್ಷನ್ ಎಂದರೆ ಇಷ್ಟೇ. ಹೋಲಿಸಲು ಅದಕ್ಕೆ ಕಪ್ಪು-ಬಿಳುಪಿನ ಗೆರೆ ಬೇಕು, ಅಂಚು ಬೇಕು. ಕಾಜಾಣದ ಎದೆಯ ಮೇಲೆ ಬಿಂದು ಇಟ್ಟರೆ ಅಲ್ಲಿ ಏನಿದೆ ಹೋಲಿಸಲು? ನುಣುಪಾದ ಕಪ್ಪು, ಅಷ್ಟೇ. ಲೆನ್ಸು ಹಿಂದೆ ಮುಂದೆ ತಡಕಾಡುತ್ತದೆ. “ಹಂಟಿಂಗ್ ಮಾಡ್ತಿದೆ, ಮೋಟಾರು ಹೋಯ್ತು” ಎಂದು ಬೈಯುತ್ತೇವೆ. ಅದೇ ಬಿಂದುವನ್ನು ಕಾಜಾಣದ ಕೊಕ್ಕಿನ ಬುಡಕ್ಕೋ, ಅದು ಕೂತ ಕರೆಂಟ್ ತಂತಿ ಕಾಲಿಗೆ ತಾಗುವ ಜಾಗಕ್ಕೋ ಸರಿಸಿ ನೋಡಿ, ಅದೇ ಹಳೆಯ ಬಾಡಿ ತಟಕ್ಕನೆ ಹಿಡಿಯುತ್ತದೆ. ನಂದಿಬೆಟ್ಟದ ಮಂಜಿನಲ್ಲಿ ನೀಲಗಿರಿ ಕಾಡುಪಾರಿವಾಳ ಹುಡುಕಿ ಹೋದವರ ಗೋಳೂ ಇದೇ. ಮಂಜು ಎಲ್ಲ ಅಂಚನ್ನೂ ಅಳಿಸಿಹಾಕಿರುವಾಗ ಯಾವ ಕಂಪನಿಯ ಯಂತ್ರ ಏನನ್ನು ಹೋಲಿಸಬೇಕು?

ತೊಂಡೇಬಾವಿಯಿಂದ ಗೌರಿಬಿದನೂರು ದಾಟಿ ಹೋದರೆ ಸುಮಾರು ಒಂದು ಗಂಟೆಯ ದಾರಿಯಲ್ಲಿ ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯ ಹುಲ್ಲುಗಾವಲಿದೆ. ಜಯಮಂಗಲಿ ಕೃಷ್ಣಮೃಗ ಸಂರಕ್ಷಣಾ ಮೀಸಲು ಎಂದು 2007ರಲ್ಲಿ ಘೋಷಣೆಯಾದ, ಸುಮಾರು 800 ಎಕರೆಯ ಬಯಲು. “ಫೋಕಸ್ ಒಂದು ಸಲ ಸಿಗುತ್ತೆ, ಒಂದು ಸಲ ಸಿಗಲ್ಲ” ಎಂಬ ದೂರು ಅತಿ ಹೆಚ್ಚು ಕೇಳಿಬರುವ ಜಾಗ ಈ ಭಾಗದಲ್ಲಿ ಅದೇ. ಯಾಕೆಂದು ಅಲ್ಲಿ ಮಂಡಿಯೂರಿ ಕೂತು ನೋಡಿದವರಿಗೆ ಗೊತ್ತು. ಕೃಷ್ಣಮೃಗದ ಹೊಟ್ಟೆಯವರೆಗೆ ಬೆಳೆದ ಒಣಹುಲ್ಲು; ಪ್ರತಿ ತೆನೆಯೂ ಬೆಳಗಿನ ಬಿಸಿಲಿಗೆ ಹೊಳೆಯುತ್ತದೆ. ಗಂಡಿನ ಬೆನ್ನು ಕಡುಗಪ್ಪು, ಗೆರೆಯಿಲ್ಲದ್ದು. ಕಣ್ಣಿನ ಸುತ್ತ ಬಿಳಿ ಬಳೆ ಇದೆ, ಆದರೆ ಮೂವತ್ತು ಮೀಟರ್ ದೂರದಿಂದ ಅದು ಫ್ರೇಮಿನಲ್ಲಿ ಚೂರು ಜಾಗ. ಇಂಥಲ್ಲಿ ಫೋಕಸ್ ಏರಿಯಾವನ್ನು ಅಗಲಕ್ಕೆ ಬಿಟ್ಟರೆ ಯಂತ್ರ ಹತ್ತಿರವಿದ್ದುದನ್ನು, ಅಂಚು ಚೂಪಾಗಿದ್ದುದನ್ನು ಹಿಡಿಯುತ್ತದೆ. ಅಂದರೆ ಹುಲ್ಲನ್ನು. ಗಾಳಿ ಬೀಸಿ ತೆನೆ ಬಾಗಿದ ಕ್ಷಣ ಮೃಗವನ್ನು ಹಿಡಿಯುತ್ತದೆ, ತೆನೆ ಎದ್ದ ಕ್ಷಣ ಮತ್ತೆ ಹುಲ್ಲಿಗೆ ಬರುತ್ತದೆ. ಒಂದು ಶಾರ್ಪ್, ನಾಲ್ಕು ಸಾಫ್ಟ್ ಬರುವ ರಹಸ್ಯ ಇದು. ಯಂತ್ರ ಹೇಳಿದ್ದನ್ನು ಚಾಚೂ ತಪ್ಪದೆ ಮಾಡಿದೆ, ಹೇಳಿದವರು ಸರಿಯಾಗಿ ಹೇಳಲಿಲ್ಲ. ಒಂದೇ ಬಿಂದು ಆರಿಸಿಕೊಂಡು ಮೈಯ ಕಪ್ಪು-ಬಿಳುಪು ಸೇರುವ ಗೆರೆಗೆ ಇಡಬೇಕು. ಅಡ್ಡ ಬಂದ ಹುಲ್ಲಿಗೆ ಫೋಕಸ್ ತಕ್ಷಣ ಹಾರದಂತೆ ಟ್ರ್ಯಾಕಿಂಗ್ ಚುರುಕನ್ನು ತಗ್ಗಿಸಬೇಕು. ನಿಕಾನ್‌ನಲ್ಲಿ ಲಾಕ್-ಆನ್, ಕ್ಯಾನನ್‌ನಲ್ಲಿ ಟ್ರ್ಯಾಕಿಂಗ್ ಸೆನ್ಸಿಟಿವಿಟಿ ಎಂಬ ಹೆಸರಿನಲ್ಲಿ ಆ ಸೌಲಭ್ಯ ವರ್ಷಗಳಿಂದ ಮೆನುವಿನಲ್ಲಿದೆ. ಮಾರುವಾಗ ಅದನ್ನು ತೋರಿಸಿಕೊಟ್ಟವರು ಯಾರು?

ಲೆನ್ಸಿನ ಬದಿಯಲ್ಲಿರುವ ಪುಟ್ಟ ಸ್ವಿಚ್ಚಿನ ಮಾತನ್ನೂ ಇಲ್ಲೇ ಹೇಳಬೇಕು. ಟೆಲಿ ಲೆನ್ಸುಗಳ ಮೇಲೆ ಫೋಕಸ್ ಲಿಮಿಟರ್ ಎಂಬುದು ಇರುತ್ತದೆ. ಆರು ಮೀಟರೋ ಹತ್ತು ಮೀಟರೋ ಆಚೆಯದನ್ನಷ್ಟೇ ಹುಡುಕು ಎಂದು ಅದರಿಂದ ಲೆನ್ಸಿಗೆ ಹೇಳಬಹುದು. ಅದನ್ನು ಪೂರ್ತಿಗೆ ಬಿಟ್ಟು ಹಾರುವ ಗಿಡುಗನ ಹಿಂದೆ ಬಿದ್ದರೆ, ಫೋಕಸ್ ಒಮ್ಮೆ ಜಾರಿತೆಂದರೆ ಲೆನ್ಸು ಅನಂತದಿಂದ ಕಾಲಬುಡದವರೆಗೆ ಸುತ್ತಿ ಬರುವಷ್ಟರಲ್ಲಿ ಗಿಡುಗ ಗುಡ್ಡ ದಾಟಿರುತ್ತದೆ. ಒಂದು ಬೆರಳಿನ ಕೆಲಸ. ಅದನ್ನು ಹೇಳಿಕೊಡದೆ ಲಕ್ಷಗಳ ಲೆಕ್ಕ ಹೇಳುವುದು ಯಾವ ನ್ಯಾಯ?

ಲೆನ್ಸಿನ ಎಳೆತ ಹೆಚ್ಚಿಸಲು ಸಿಕ್ಕಿಸುವ ಕನ್ವರ್ಟರ್ ಕಥೆ ಇನ್ನೂ ಘೋರ. ಪೂರ್ತಿ ಎಳೆದಾಗ ಎಫ್/6.3 ಇರುವ 150-600ರ ಜೂಮ್ ಲೆನ್ಸಿಗೆ 1.4ರ ಕನ್ವರ್ಟರ್ ಸಿಕ್ಕಿಸಿದರೆ ಅದು ಎಫ್/9 ಆಗುತ್ತದೆ. ಕನ್ನಡಿ ಇರುವ ಡಿಎಸ್‌ಎಲ್‌ಆರ್‌ಗಳಲ್ಲಿ ಹೆಚ್ಚಿನವುಗಳ ಫೋಕಸ್ ಸೆನ್ಸರ್ ಎಫ್/5.6ರ ಬೆಳಕಿಗೆ, ಮೇಲ್ದರ್ಜೆಯವು ಎಫ್/8ರ ಬೆಳಕಿಗೆ ಮಾಡಿದವು. ಎಫ್/9ರಲ್ಲಿ ಅವು ತಡವರಿಸದೆ ಇನ್ನೇನು ಮಾಡಬೇಕು? ಲೆನ್ಸು ಮಾರಿದವರೇ ಕನ್ವರ್ಟರನ್ನೂ ಮಾರುತ್ತಾರೆ. ಫೋಕಸ್ ತಡವರಿಸಿತೆಂದು ದೂರು ತಂದಾಗ ಬಾಡಿಯನ್ನೂ ಮಾರುತ್ತಾರೆ. ಕನ್ವರ್ಟರ್ ತೆಗೆದು ನೋಡು ಎಂಬ ಒಂದು ಮಾತು ಮಾತ್ರ ಅವರ ಬಾಯಿಂದ ಹೊರಡುವುದಿಲ್ಲ.

ಬೆಳಿಗ್ಗೆ ಹತ್ತು ಗಂಟೆಯ ಮೇಲೆ ಮೈದನಹಳ್ಳಿಯ ಬಯಲಿಗೆ ಬಂದಿಳಿದು, ನೂರೈವತ್ತು ಮೀಟರ್ ಆಚೆ ನಿಂತ ಹಿಂಡಿಗೆ ಲೆನ್ಸ್ ನೆಟ್ಟು, “ಒಂದೂ ಶಾರ್ಪ್ ಇಲ್ಲ” ಎಂದು ಕ್ಯಾಮೆರಾ ಬೈಯುವವರನ್ನು ಏನೆನ್ನಬೇಕು? ಬಿಸಿಯಾದ ನೆಲದ ಮೇಲೆ ಗಾಳಿಯ ಪದರಗಳು ಕುದಿಯುತ್ತಿರುತ್ತವೆ. ಬೆಳಕು ಅವುಗಳಲ್ಲಿ ಬಾಗಿ ಬಾಗಿ ಬರುತ್ತದೆ. ಅಂಚು ತಾನೇ ನಡುಗುತ್ತಿರುವಾಗ ಫೋಕಸ್ ಸೆನ್ಸರ್ ಪ್ರತಿ ಕ್ಷಣ ಬೇರೊಂದು ಉತ್ತರ ಕೊಡುತ್ತದೆ. ಜಗತ್ತಿನ ಅತಿ ದುಬಾರಿ ಲೆನ್ಸು ತಂದರೂ ನಡುವಿನ ಗಾಳಿ ಬದಲಾಗದು. ಇದಕ್ಕೆ ಮದ್ದು ಸೂರ್ಯ ಹುಟ್ಟುವ ಹೊತ್ತಿಗೆ ಬಯಲಿನಲ್ಲಿರುವುದು, ಎಂಟು ಒಂಬತ್ತರೊಳಗೆ ಕ್ಯಾಮೆರಾ ಚೀಲಕ್ಕಿಳಿಸುವುದು. ಪೈಸೆ ಖರ್ಚಿಲ್ಲ. ನಿದ್ದೆ ಬಿಡಬೇಕು, ಅಷ್ಟೇ. ಅದನ್ನು ಹೇಳಿಕೊಟ್ಟರೆ ಯಾರಿಗೂ ಕಮಿಷನ್ ಹುಟ್ಟುವುದಿಲ್ಲ.

ಹೊಸ ಬಾಡಿಗಳ ಪರವಾಗಿ ಈಗ ಎತ್ತುವ ದೊಡ್ಡ ಹೆಸರು ಕಣ್ಣು ಗುರುತಿಸುವ ತಂತ್ರ. 2019ರಲ್ಲಿ ಸೋನಿ ಪ್ರಾಣಿಗಳ ಕಣ್ಣು ಹಿಡಿಯುವ ಫರ್ಮ್‌ವೇರ್ ತಂದಿತು, 2020ರಲ್ಲಿ ಕ್ಯಾನನ್ ಆರ್5 ಹಕ್ಕಿಗಳನ್ನೂ ಗುರುತಿಸಿತು, 2021ರಲ್ಲಿ ಸೋನಿ ಎ1, ನಿಕಾನ್ ಝಡ್9 ಬಂದವು. ಇನ್ನು ಫೋಕಸ್ ಎಂಬ ತಲೆನೋವೇ ಇಲ್ಲ ಎಂದು ಸಾರಲಾಯಿತು. ತಲೆನೋವು ಹೋಯಿತೇ? ಅದೇ ಬಾಡಿ ಕೊಂಡವರ ದೂರುಗಳು ಈಗ ಶುರುವಾಗಿವೆ: ಪೊದೆಯೊಳಗಿನ ಪಿಕಳಾರವನ್ನು ಬಿಟ್ಟು ಎಲೆಯ ಮೇಲಿನ ಬೆಳಕಿನ ಚುಕ್ಕೆಯನ್ನು ಕಣ್ಣೆಂದು ಹಿಡಿಯುತ್ತದೆ, ಹುಲ್ಲು ಅಡ್ಡ ಬಂದರೆ ಚೌಕ ಮಾಯವಾಗುತ್ತದೆ, ಕಾಜಾಣದ ಕಪ್ಪು ಮುಖದಲ್ಲಿ ಕಣ್ಣು ಸಿಗುವುದಿಲ್ಲ. ಸಿಗುವುದಾದರೂ ಹೇಗೆ? ಫ್ರೇಮಿನಲ್ಲಿ ಕಡಲೆಕಾಳಿನಷ್ಟು ಕಾಣುವ ಹಕ್ಕಿಯ ಕಣ್ಣನ್ನು ಯಾವ ಗಣಕ ಗುರುತಿಸಬೇಕು? ಈ ದೂರಿಗೂ ಸಲಹೆಗಾರರ ಉತ್ತರ ಬದಲಾಗಿಲ್ಲ: ಮುಂದಿನ ಮಾಡೆಲ್ ಬರಲಿ.

ನಮ್ಮ ಚಿಕ್ಕಬಳ್ಳಾಪುರ, ಗೌರಿಬಿದನೂರು ಕಡೆ ಒಂದು ಬೋರ್‌ವೆಲ್ ಬತ್ತಿದರೆ ನೀರು ಎಲ್ಲಿ ಹೋಯಿತೆಂದು ನೋಡದೆ, ಕೆರೆಯ ಹೂಳನ್ನು ಕೇಳದೆ, ಪಕ್ಕದಲ್ಲೇ ಇನ್ನೂ ಆಳಕ್ಕೆ ಇನ್ನೊಂದು ಕೊರೆಸಿ ಸಾಲಕ್ಕೆ ಬಿದ್ದ ಮನೆಗಳು ಎಷ್ಟಿಲ್ಲ? ಕ್ಯಾಮೆರಾ ಲೋಕ ಅದೇ ದಾರಿ ಹಿಡಿದಿದೆ. ಇಲ್ಲಿನ ಕಾಡು-ಹಕ್ಕಿ ಛಾಯಾಗ್ರಾಹಕರಲ್ಲಿ ಬಹಳ ಮಂದಿ ವಾರವಿಡೀ ಮದುವೆ, ನಾಮಕರಣ, ಗೃಹಪ್ರವೇಶ ಚಿತ್ರಿಸಿ ಭಾನುವಾರ ಬಯಲಿಗೆ ಹೋಗುವ ಹುಡುಗರು. ಮದುವೆ ಸೀಸನ್‌ನ ದುಡಿಮೆಯನ್ನು ಕಂತಿಗೆ ಕಟ್ಟಿ ಅವರು ಬಾಡಿ ಕೊಳ್ಳುತ್ತಾರೆ. ಮೇಲ್ದರ್ಜೆಯದೆಂದರೆ ಮೂರರಿಂದ ಐದು ಲಕ್ಷ. ಮುಂದಿನ ಮಾಡೆಲ್ ಬಂದ ದಿನ ಇವರ ಕೈಲಿರುವುದರ ಬೆಲೆ ಬಿದ್ದುಹೋಗುತ್ತದೆ. ಕಂತು ಮಾತ್ರ ನಿಲ್ಲುವುದಿಲ್ಲ. ಅವರಿಗೆ “ಬದಲಾಯಿಸು” ಎಂದು ಹೇಳಿದವರಲ್ಲಿ ಒಬ್ಬರಾದರೂ ಒಂದು ಕಂತು ಕಟ್ಟುತ್ತಾರೆಯೇ?

ಆಟೋಫೋಕಸ್ ಬಲವಿಲ್ಲದೆ ಕಾಡುಚಿತ್ರ ಸಾಧ್ಯವೇ ಇಲ್ಲ ಎಂಬ ಮಾತಿಗೆ ಕರ್ನಾಟಕದಲ್ಲಿ ಕೂತು ತಲೆದೂಗುವುದು ನಮ್ಮ ಇತಿಹಾಸಕ್ಕೆ ಮಾಡುವ ಅವಮಾನ. ಬಾಡಿಯೊಳಗೇ ಫೋಕಸ್ ಮೋಟಾರು ಇಟ್ಟ ಮಿನೋಲ್ಟಾ 7000 ಬಂದದ್ದು 1985ರಲ್ಲಿ. ಸಂಡೂರಿನ ಎಂ. ವೈ. ಘೋರ್ಪಡೆ ಅವರ ಕಾಡುಚಿತ್ರಗಳ ಪುಸ್ತಕ ‘ಸನ್‌ಲೈಟ್ ಅಂಡ್ ಶ್ಯಾಡೋಸ್’ ಹೊರಬಂದದ್ದು 1983ರಲ್ಲಿ. ರಾಜ್ಯದ ಹಣಕಾಸು ಮಂತ್ರಿಯಾಗಿದ್ದ ಮನುಷ್ಯ ಕಪ್ಪು-ಬಿಳುಪು ಫಿಲ್ಮಿನಲ್ಲಿ, ಕೈಯಿಂದ ಉಂಗುರ ತಿರುಗಿಸಿ ಆನೆ, ಹುಲಿ, ಜಿಂಕೆಗಳನ್ನು ಹಿಡಿದಿಟ್ಟರು. ಛಾಯಾಗ್ರಾಹಕರಾದ ಟಿ. ಎನ್. ಎ. ಪೆರುಮಾಳ್, ಇ. ಹನುಮಂತ ರಾವ್ ಅವರು ಹೆಸರು ಮಾಡಿದ್ದು ಅದೇ ಕಾಲದಲ್ಲಿ. ಸಾಹಿತಿ ತೇಜಸ್ವಿ ಮೂಡಿಗೆರೆಯ ತೋಟದಲ್ಲಿ ಹಕ್ಕಿಗಳ ಹಿಂದೆ ಬಿದ್ದಾಗ ಅವರ ನೆರವಿಗೆ ಯಾವ ಕಣ್ಣು ಹಿಡಿಯುವ ಚೌಕವೂ ಇರಲಿಲ್ಲ. ಹಕ್ಕಿ ಮತ್ತೆ ಯಾವ ಕೊಂಬೆಗೆ ಬರುತ್ತದೆಂದು ಇವರಿಗೆ ಗೊತ್ತಿತ್ತು. ಕೊಂಬೆಗೆ ಮೊದಲೇ ಫೋಕಸ್ ಮಾಡಿ ಕಾಯುತ್ತಿದ್ದರು. ಕಳ್ಳಿಪೀರ ಹುಳ ಹಿಡಿದು ಅದೇ ಕೊಂಬೆಗೆ ಮರಳುತ್ತದೆ, ಮಿಂಚುಳ್ಳಿಗೂ ತನ್ನದೇ ಕಲ್ಲಿದೆ, ಕೃಷ್ಣಮೃಗದ ಗಂಡು ತನ್ನ ಗಡಿಯಲ್ಲಿ ಹಿಕ್ಕೆ ಹಾಕುವ ಜಾಗಕ್ಕೆ ದಿನವೂ ಬರುತ್ತದೆ. ಇದನ್ನು ಕಲಿತವರಿಗೆ ಹಳೆಯ ಬಾಡಿಯೂ ಸಾಕಾಗುತ್ತದೆ. ಇದನ್ನು ಕಲಿಸದ ಕಾರ್ಯಾಗಾರಕ್ಕೆ ಶುಲ್ಕ ಯಾಕೆ ಕಟ್ಟಬೇಕು?

ಎಲ್ಲಕ್ಕಿಂತ ಹೆಚ್ಚು ಸಿಟ್ಟು ಬರುವ ವಿಷಯಕ್ಕೆ ಈಗ ಬರುತ್ತೇನೆ. ಹೊಸ ಬಾಡಿ ಕೊಳ್ಳಲಾಗದವರಿಗೆ ಕೊಡುವ ಎರಡನೆಯ ಸಲಹೆ: “ಇನ್ನೂ ಹತ್ತಿರ ಹೋಗು, ಫೋಕಸ್ ತಾನೇ ಹಿಡಿಯುತ್ತೆ.” ಕೊಂಡವರೂ ಫೋಕಸ್ ಸಿಗದಿದ್ದಾಗ ಮಾಡುವುದು ಇದನ್ನೇ. ಇದರ ಲೆಕ್ಕವನ್ನಾದರೂ ಯಾರಾದರೂ ಮಾಡಿದ್ದಾರೆಯೇ? ಫುಲ್‌ಫ್ರೇಮ್ ಬಾಡಿಯಲ್ಲಿ 600 ಎಂಎಂ ಲೆನ್ಸು, ಎಫ್/6.3. ಇಪ್ಪತ್ತು ಮೀಟರ್ ದೂರದಲ್ಲಿ ಸ್ಪಷ್ಟವಾಗಿ ಕಾಣುವ ಆಳ ಸುಮಾರು 40 ಸೆಂಟಿಮೀಟರ್. ಹತ್ತು ಮೀಟರಿಗೆ ಬಂದರೆ ಸುಮಾರು 10 ಸೆಂಟಿಮೀಟರ್. ಐದು ಮೀಟರಿಗೆ ಬಂದರೆ ಸುಮಾರು ಎರಡೂವರೆ ಸೆಂಟಿಮೀಟರ್. ದೂರ ಅರ್ಧವಾದಂತೆ ಆಳ ಕಾಲುಭಾಗಕ್ಕೆ ಇಳಿಯುತ್ತದೆ. ಐದು ಮೀಟರಿನಲ್ಲಿ ಹಕ್ಕಿಯ ಕೊಕ್ಕು ಶಾರ್ಪ್ ಆದರೆ ಹೆಗಲು ಆಗದು. ಹಕ್ಕಿ ಉಸಿರೆಳೆದು ತಲೆ ಹೊರಳಿಸಿದರೆ ಕಣ್ಣೇ ಫೋಕಸಿನಿಂದ ಆಚೆ. ಓಡುವ ಪ್ರಾಣಿಯಾದರೆ ಹತ್ತಿರ ಹೋದಷ್ಟೂ ಅದು ಫ್ರೇಮಿನಲ್ಲಿ ಹೆಚ್ಚು ವೇಗವಾಗಿ ಸರಿಯುತ್ತದೆ, ಲೆನ್ಸು ಹೆಚ್ಚು ಓಡಬೇಕಾಗುತ್ತದೆ. ಹತ್ತಿರ ಹೋಗುವುದರಿಂದ ಆಟೋಫೋಕಸ್‌ನ ಕೆಲಸ ಸುಲಭವಾಗುವುದಿಲ್ಲ, ಕಷ್ಟವಾಗುತ್ತದೆ. ತಪ್ಪಿದ ಫೋಕಸಿಗೆ ಪರಿಹಾರವೆಂದು ಕೊಟ್ಟ ಸಲಹೆಯೇ ಫೋಕಸ್ ತಪ್ಪಿಸುತ್ತದೆ.

ಈ ಸಲಹೆಯ ಬೆಲೆ ಯಾರು ತೆರುತ್ತಾರೆ ನೋಡಿ. ಹುಲ್ಲುಗಾವಲಿನಲ್ಲಿ ಗಾಡಿಗಳು ಜಾಡು ಬಿಟ್ಟು ಹಿಂಡಿನ ಪಕ್ಕಕ್ಕೆ ನುಗ್ಗುವುದನ್ನು ಕಂಡಿದ್ದೇನೆ. ಒಬ್ಬ ಸ್ಟಿಯರಿಂಗ್ ಹಿಡಿದಿರುತ್ತಾನೆ, ಇನ್ನೊಬ್ಬ ಕಿಟಕಿಯಿಂದ ಲೆನ್ಸು ಚಾಚಿರುತ್ತಾನೆ, ಹಿಂಡು ಓಡುತ್ತಿರುತ್ತದೆ. ಕೃಷ್ಣಮೃಗದ ಹೆಣ್ಣು ಹುಟ್ಟಿದ ಮರಿಯನ್ನು ಮೊದಲ ಕೆಲವು ದಿನ ಹುಲ್ಲಿನಲ್ಲೇ ಮಲಗಿಸಿ ಹೋಗುತ್ತದೆ. ಆ ಮರಿ ಓಡುವುದಿಲ್ಲ, ಅಲುಗುವುದೂ ಇಲ್ಲ. ಅದು ಬದುಕುವುದು ಹಾಗೆ. ನುಗ್ಗುವ ಟೈರಿಗೆ ಅದು ಕಾಣುತ್ತದೆಯೇ? ಅದೇ ನೆಲದಲ್ಲಿ ಟಿಟ್ಟಿಭ ಗೂಡನ್ನೂ ಕಟ್ಟದೆ ಬೆಣಚುಕಲ್ಲಿನ ಬಣ್ಣದ ಮೊಟ್ಟೆಗಳನ್ನು ಬಯಲಿನಲ್ಲೇ ಇಡುತ್ತದೆ. ಹಿಂದೂಪುರದ ಕಡೆ ವೀರಾಪುರಂ ಊರಿನ ಹುಣಸೆಮರಗಳಲ್ಲಿ ಬಣ್ಣದ ಕೊಕ್ಕರೆಗಳು ಮರಿ ಮಾಡುತ್ತವೆ. ನೆತ್ತಿಯ ಬಿಸಿಲಿಗೆ ತಾಯಿ-ತಂದೆ ರೆಕ್ಕೆ ಬಿಚ್ಚಿ ನಿಂತು ಮರಿಗೆ ನೆರಳು ಮಾಡುತ್ತವೆ. “ಫ್ಲೈಟ್ ಶಾಟ್ ಸಾಫ್ಟ್ ಬಂತು, ಇನ್ನೊಮ್ಮೆ ಎಬ್ಬಿಸು” ಎಂದು ಯಾರಾದರೂ ಚಪ್ಪಾಳೆ ತಟ್ಟಿದರೆ ಆ ನೆರಳು ಹೋಗುತ್ತದೆ. ಬೋಳು ಮೈಯ ಮರಿ ಬಿಸಿಲಿನಲ್ಲಿ ಬೇಯುತ್ತದೆ. ಊರಿನವರು ಆ ಹಕ್ಕಿಗಳನ್ನು ಮನೆಮಕ್ಕಳಂತೆ ನೋಡಿಕೊಂಡು ಬಂದಿರುವುದು ಇದಕ್ಕಾಗಿಯೇ? ನಮ್ಮ ಬಂಡೆಗುಡ್ಡಗಳ ಕೊಂಬಿನ ಗೂಬೆಯ ಮುಖಕ್ಕೆ ರಾತ್ರಿ ಟಾರ್ಚ್ ಬಿಡುವವರ ಸಮರ್ಥನೆಯೂ ಅದೇ: ಬೆಳಕಿಲ್ಲದೆ ಆಟೋಫೋಕಸ್ ಹಿಡಿಯುವುದಿಲ್ಲ. ಹಿಡಿಯದಿದ್ದರೆ ಬಿಡಿ. ಆ ಚಿತ್ರ ನಮಗೆ ಸೇರಿದ್ದಲ್ಲ.

ಇದು ಬರೀ ಸೌಜನ್ಯದ ಪ್ರಶ್ನೆಯೂ ಅಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬೇಟೆಯನ್ನು ವಿವರಿಸುವಾಗ ಕೊಲ್ಲುವುದರ ಜೊತೆಗೆ ಪ್ರಾಣಿಯನ್ನು ಅಟ್ಟುವುದನ್ನು, ಓಡಿಸುವುದನ್ನು, ಆಮಿಷ ಒಡ್ಡುವುದನ್ನು, ಹಾಗೆ ಮಾಡಲು ಯತ್ನಿಸುವುದನ್ನೂ ಸೇರಿಸಿದೆ. ಹಕ್ಕಿಯ ಗೂಡು, ಮೊಟ್ಟೆಗೆ ತೊಂದರೆ ಕೊಡುವುದೂ ಅದರಲ್ಲಿದೆ. ಕೃಷ್ಣಮೃಗ ಅದೇ ಕಾಯ್ದೆಯ ಒಂದನೇ ಅನುಸೂಚಿಯಲ್ಲಿ ಇರುವ ಪ್ರಾಣಿ. ಕೈಯಲ್ಲಿ ಬಂದೂಕಿನ ಬದಲು ಲೆನ್ಸಿದ್ದ ಮಾತ್ರಕ್ಕೆ ಅಟ್ಟುವುದು ಅಟ್ಟುವುದಾಗಿ ಉಳಿಯುವುದಿಲ್ಲವೇ?

ಯಂತ್ರ ಎಂದೂ ಕೆಡುವುದಿಲ್ಲವೇ ಎಂದು ಕೇಳುವವರಿದ್ದಾರೆ. ಕೆಡುತ್ತದೆ. 2007ರಲ್ಲಿ ಬಂದ ಕ್ಯಾನನ್ 1ಡಿ ಮಾರ್ಕ್ 3ರ ಆಟೋಫೋಕಸ್ ನಿಜಕ್ಕೂ ದೋಷದ್ದೇ ಆಗಿತ್ತು; ಕಂಪನಿ ಒಳಗಿನ ಚಿಕ್ಕ ಕನ್ನಡಿಯ ದುರಸ್ತಿಗೆ ಕ್ಯಾಮೆರಾಗಳನ್ನು ವಾಪಸು ಕರೆಸಿಕೊಂಡಿತು. ಆದರೆ ಆ ದೋಷ ಬಯಲಿಗೆ ಬಂದದ್ದು ಕೆನಡಾದ ರಾಬ್ ಗಾಲ್ಬ್ರೇತ್‌ರಂಥ ಛಾಯಾಗ್ರಾಹಕರು ಸಾವಿರಾರು ಫ್ರೇಮ್ ತೆಗೆದು, ಕ್ರಮವಾಗಿ ಪರೀಕ್ಷಿಸಿ, ಪುರಾವೆ ಮುಂದಿಟ್ಟದ್ದರಿಂದ. ಟೀ ಅಂಗಡಿಯ ಮುಂದೆ ನಿಂತು ಬಾಡಿ ಹಳೇದಾಯ್ತು ಎಂದದ್ದರಿಂದ ಅಲ್ಲ.

ಆ ಪರೀಕ್ಷೆಗೆ ಮನೆಯ ಒಂದು ಗೋಡೆ ಸಾಕು. ನೆರಳಿರುವ, ಆದರೆ ಚೆನ್ನಾಗಿ ಬೆಳಕಿರುವ ಗೋಡೆಗೆ ದಿನಪತ್ರಿಕೆಯ ಒಂದು ಹಾಳೆ ಅಂಟಿಸಿ. ಹತ್ತು ಹನ್ನೆರಡು ಮೀಟರ್ ದೂರದಲ್ಲಿ, ಹಾಳೆಗೆ ನೇರವಾಗಿ, ಟ್ರೈಪಾಡ್ ಮೇಲೆ ಕ್ಯಾಮೆರಾ ಕೂರಿಸಿ. ಲೆನ್ಸಿನ ಮುಂದಿನ ಯುವಿ ಫಿಲ್ಟರ್ ಬಿಚ್ಚಿ, ಕನ್ವರ್ಟರ್ ತೆಗೆಯಿರಿ, ಬಾಡಿ-ಲೆನ್ಸು ಕೂಡುವ ಹಿತ್ತಾಳೆ ಬಣ್ಣದ ಪಿನ್ನುಗಳನ್ನು ಒಣಬಟ್ಟೆಯಿಂದ ಒರೆಸಿ, ಅಲುಗಾಟ ತಡೆಯುವ ಸ್ವಿಚ್ ಆಫ್ ಮಾಡಿ, ಶಟರ್ 1/1000 ಸೆಕೆಂಡಿಗೆ ಇಡಿ. ನಡುವಿನ ಒಂದೇ ಬಿಂದು. ಪ್ರತಿ ಫ್ರೇಮಿನ ಮೊದಲು ಕೈಯಿಂದ ಫೋಕಸ್ ಕೆಡಿಸಿ, ಮತ್ತೆ ಹಿಡಿಯಲು ಬಿಡಿ. ಒಂದು ಸಲ ಹತ್ತಿರಕ್ಕೆ ಕೆಡಿಸಿ, ಒಂದು ಸಲ ದೂರಕ್ಕೆ. ಹತ್ತಾರು ಫ್ರೇಮ್ ಹೀಗೆ ತೆಗೆದು ಅಕ್ಷರಗಳನ್ನು ಹೋಲಿಸಿ. ಡಿಎಸ್‌ಎಲ್‌ಆರ್ ಆಗಿದ್ದರೆ ಲೈವ್‌ವ್ಯೂನಲ್ಲೂ ತೆಗೆಯಿರಿ. ಅಲ್ಲಿ ಚಿತ್ರ ಮೂಡುವ ಸೆನ್ಸರ್ ಮೇಲೇ ಫೋಕಸ್ ಆಗುತ್ತದೆ. ಲೈವ್‌ವ್ಯೂ ಚಿತ್ರ ಸ್ಪಷ್ಟವಾಗಿದ್ದು ವ್ಯೂಫೈಂಡರ್ ಚಿತ್ರಗಳೆಲ್ಲ ಒಂದೇ ಪ್ರಮಾಣದಲ್ಲಿ ಸಾಫ್ಟ್ ಇದ್ದರೆ ಫೋಕಸ್ ಒಂದೇ ಕಡೆಗೆ ಜಾರುತ್ತಿದೆ. ಮೆನುವಿನ ಫೈನ್-ಟ್ಯೂನ್‌ನಲ್ಲಿ ಮೈನಸ್ 20ರಿಂದ ಪ್ಲಸ್ 20ರೊಳಗೆ ಸರಿಪಡಿಸಬಹುದು. ಒಂದು ಸ್ಪಷ್ಟ, ಒಂದು ಸಾಫ್ಟ್, ಮತ್ತೊಂದು ಇನ್ನೂ ಸಾಫ್ಟ್ ಎಂದು ಚೆಲ್ಲಾಪಿಲ್ಲಿಯಾದರೆ ಫೈನ್-ಟ್ಯೂನ್ ಉಪಯೋಗಕ್ಕೆ ಬಾರದು. ಫಿಲ್ಟರ್ ಇಲ್ಲದೆ, ಒಳ್ಳೆಯ ಬೆಳಕಿನಲ್ಲಿ, ಟ್ರೈಪಾಡ್ ಮೇಲೂ ಹೀಗೇ ಬಂದರೆ ಆಗ, ಆಗ ಮಾತ್ರ, ಯಂತ್ರದ ಮೇಲೆ ಅನುಮಾನ ಪಡಬೇಕು. ಲೆನ್ಸು ಬದಲಿಸಿ ನೋಡಿ, ಗೆಳೆಯರ ಬಾಡಿಗೆ ಸಿಕ್ಕಿಸಿ ನೋಡಿ, ಆ ಫ್ರೇಮುಗಳನ್ನು ಹಿಡಿದು ಸರ್ವೀಸ್ ಸೆಂಟರಿಗೆ ಹೋಗಿ. ಪುರಾವೆ ಹಿಡಿದು ಹೋದವರನ್ನು ಸಾಗಹಾಕುವುದು ಅವರಿಗೂ ಸುಲಭವಲ್ಲ. ಗೋಡೆಯ ಮೇಲೆ ಎಲ್ಲ ಫ್ರೇಮೂ ಸ್ಪಷ್ಟ ಬಂದರೆ? ನಿಮ್ಮ ಕ್ಯಾಮೆರಾ ಚೆನ್ನಾಗಿದೆ. ಕೊಳ್ಳಬೇಕಾದ್ದು ಏನೂ ಇಲ್ಲ, ಕಲಿಯಬೇಕಾದ್ದು ಇದೆ.

ಹಾಗಾಗಿ ಕೆಲವು ಬೇಡಿಕೆಗಳನ್ನು ಯಾವ ಮುಲಾಜೂ ಇಲ್ಲದೆ ಮುಂದಿಡುತ್ತೇನೆ. ಶುಲ್ಕ ಪಡೆದು ಕಾರ್ಯಾಗಾರ ನಡೆಸುವವರು ಕಾಡಿಗೆ ಕರೆದೊಯ್ಯುವ ಹಿಂದಿನ ದಿನ ಪ್ರತಿಯೊಬ್ಬರ ಕ್ಯಾಮೆರಾವನ್ನೂ ಗೋಡೆಯ ಮುಂದೆ ಪರೀಕ್ಷಿಸಿಕೊಡಲಿ. ಆಗದಿದ್ದರೆ ಶುಲ್ಕ ಕೇಳದಿರಲಿ. ಅಂಗಡಿಯವರು ಹಳೆಯ ಬಾಡಿ ತೆಗೆದುಕೊಂಡು ಹೊಸತು ಕೊಡುವ ಮುನ್ನ ಆ ಹಳೆಯದರಲ್ಲಿ ದೋಷವೇನೆಂದು ಗ್ರಾಹಕರ ಕಣ್ಣೆದುರು ತೋರಿಸಲಿ. ಜಿಲ್ಲೆಗಳ ಛಾಯಾಗ್ರಾಹಕರ ಸಂಘಗಳು ಹೊಸ ಮಾಡೆಲ್‌ಗಳ ಪ್ರದರ್ಶನಕ್ಕೆ ವೇದಿಕೆ ಕಟ್ಟುವುದನ್ನು ನಿಲ್ಲಿಸಿ, ಸಾಫ್ಟ್ ಬಂದ ಚಿತ್ರಗಳನ್ನು ಮುಂದಿಟ್ಟುಕೊಂಡು ಯಾಕೆ ಹೀಗಾಯಿತೆಂದು ಚರ್ಚಿಸುವ ಸಂಜೆಗಳನ್ನು ನಡೆಸಲಿ. ಸ್ಪರ್ಧೆಗಳ ತೀರ್ಪುಗಾರರು ಕಣ್ಣಿನ ರೆಪ್ಪೆ ಎಣಿಸುವುದರ ಜೊತೆಗೆ ಪ್ರಾಣಿ ಆ ಕ್ಷಣ ಏನು ಮಾಡುತ್ತಿತ್ತು, ನೀವು ಎಷ್ಟು ದೂರದಲ್ಲಿದ್ದಿರಿ ಎಂದು ಬರಹದಲ್ಲಿ ಕೇಳಲಿ. ಕಿವಿ ನಿಮಿರಿಸಿ, ಕಣ್ಣರಳಿಸಿ ಲೆನ್ಸಿನ ಕಡೆಗೇ ನೋಡುತ್ತಾ ಓಡುವ ಮೃಗದ ಚಿತ್ರಕ್ಕೆ ಬಹುಮಾನ ಕೊಡುವುದನ್ನು ಬಿಡಲಿ. ಅರಣ್ಯ ಇಲಾಖೆ ಮೈದನಹಳ್ಳಿಯಲ್ಲಿ ಜಾಡು ಬಿಟ್ಟು ಗಾಡಿ ಇಳಿಸಿದವರಿಗೆ ಎಚ್ಚರಿಕೆಯ ಮಾತು ಹೇಳಿ ಕಳಿಸದೆ, ಕಾಯ್ದೆಯಲ್ಲಿ ಬೇಟೆಯ ಅರ್ಥ ಏನಿದೆಯೋ ಅದರಂತೆಯೇ ಮೊಕದ್ದಮೆ ಹೂಡಲಿ, ಆ ದಿನ ತೆಗೆದ ಚಿತ್ರಗಳನ್ನು ಶಾರ್ಪ್ ಇರಲಿ ಸಾಫ್ಟ್ ಇರಲಿ ಸಾಕ್ಷಿಯೆಂದು ವಶಪಡಿಸಿಕೊಳ್ಳಲಿ.